ಕೊಪ್ಪದಲ್ಲಿ ಯಾರೂ ಮುಟ್ಟದ ಆಟದ ಹಲಗೆ

ನಮ್ಮಣ್ಣ ಯೋಗಾನರಸಿಂಹನಿಗೆ ಒಂದು ಕೆಲಸ ಹೇಳಿ ಕಳಿಸಿದರೆ ಅದು ಆಗಿಬರುತ್ತದೆ ಅನ್ನುವ ಭರವಸೆ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ. ಕೊತ್ತಂಬರಿ ಸೊಪ್ಪು ತಾ ಅಂದರೆ ನಾಲೆಯ ಏರಿಯ ಮೇಲೆ ಕೂತು ನೀರಿನ ಮೇಲೆ ಬಿಸಿಲು ಓಡುವುದನ್ನು ನೋಡುತ್ತಿದ್ದ. ಬಿಸಿಲು ಓಡುತ್ತದೆ ಅನ್ನುವುದೂ ಅವನ ಮಾತೇ. ನನಗೆ ಕಂಡದ್ದು ಬರೀ ನೀರು. ಹುಡುಕಿಕೊಂಡು ಹೋಗಿ ಬೆನ್ನಿಗೊಂದು ಗುದ್ದಿದರೆ, "ಬಂದ್ಯಾ ಚೂಡಿ, ಕೂತ್ಕೋ" ಅನ್ನುತ್ತಿದ್ದ. ಅವನ ಮೇಲೆ ಸಿಟ್ಟು ಇಟ್ಟುಕೊಳ್ಳುವುದು ಬಲು ಕಷ್ಟ. ನಾನು ಆದರೂ ಇಟ್ಟುಕೊಳ್ಳುತ್ತಿದ್ದೆ.

ಮಂಡ್ಯದ ಗುತ್ತಲಿನಲ್ಲಿ ಅವನದೊಂದು ರೇಡಿಯೋ ರಿಪೇರಿ ಅಂಗಡಿ. ಅದರ ಹಿಂದಿನ ಒಂದೂವರೆ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ನಾನು ಟೀಚರ್ ಟ್ರೈನಿಂಗಿಗೆ ಹೋಗುತ್ತಾ ಅವನಿಗೆ ಅನ್ನ ಬೇಯಿಸಿ ಹಾಕುತ್ತಿದ್ದೆ. ಅಪ್ಪ ಕಸ್ತೂರಿರಂಗಾಚಾರ್ಯರೂ ಅಮ್ಮ ಪಂಕಜಮ್ಮನೂ ಮಳವಳ್ಳಿಯ ಆಚೆ ಎರಡು ಮೈಲಿ ದೂರದ ಊರಿನಲ್ಲಿದ್ದರು. ಅಲ್ಲಿನ ಗೋಪಾಲಸ್ವಾಮಿ ಗುಡಿಯ ಪೂಜೆ ನಮ್ಮ ಮನೆತನದ್ದು. ನಾವು ಹುಟ್ಟಿದ ಮನೆಯೂ ಗುಡಿಗೆ ಸೇರಿದ್ದು. ಪೂಜೆ ಬಿಟ್ಟರೆ ಮನೆಯನ್ನೂ ಬಿಡಬೇಕು.

ಎಪ್ಪತ್ತೆಂಟರ ಬೇಸಿಗೆಯಲ್ಲಿ ಶ್ಯಾಮಣ್ಣನವರು ಅನ್ನುವ ನಿವೃತ್ತ ಅಧಿಕಾರಿ ಬೊಂಬಾಯಿಯಿಂದ ಬಂದು ನಮ್ಮ ಬೀದಿಯಲ್ಲೇ ಮನೆ ಮಾಡಿದರು. ಜೊತೆಗೊಂದು ಟೀವಿ ತಂದರು. ಆಗ ಮಂಡ್ಯದಲ್ಲಿ ಟೀವಿಯಲ್ಲಿ ಕಾಣುವಂಥದ್ದು ಏನೂ ಇರಲಿಲ್ಲ. ಎತ್ತ ತಿರುಗಿಸಿದರೂ ಬರೀ ಜಡಿಮಳೆ. ಅದಕ್ಕೇ ಇರಬೇಕು, ಅವರ ಅಳಿಯ ಹೊರದೇಶದಿಂದ ಒಂದು ಆಟದ ಪೆಟ್ಟಿಗೆ ಕಳಿಸಿದ್ದ. ಟೀವಿಗೆ ಅದರ ತಂತಿ ಸೇರಿಸಿದರೆ ಪರದೆಯ ಮೇಲೆ ಎರಡು ಬಿಳಿ ಗೆರೆ, ನಡುವೆ ಒಂದು ಬಿಳಿ ಚುಕ್ಕಿ. ಗೆರೆಗಳು ಬ್ಯಾಟು, ಚುಕ್ಕಿ ಚೆಂಡು. ಇಬ್ಬರು ಕೂತು ಎರಡು ಗುಂಡಿ ತಿರುಗಿಸುತ್ತಾ ಆಡಬೇಕು. ತಂತಿ ಸೇರಿಸಿಕೊಡಲು ಅಣ್ಣನನ್ನು ಕರೆದರು.

ಅವತ್ತು ಅವನು ಮನೆಗೆ ಬಂದು ತಟ್ಟೆಯ ಮುಂದೆ ಸುಮ್ಮನೆ ಕೂತ.

"ಅದು ಹಿಂತಿರುಗಿ ಬರುತ್ತೆ ಕಣೇ ಚೂಡಿ," ಅಂದ.

"ಯಾವುದು?"

"ಬೆಳಕು. ನಾವು ಕಳಿಸಿದರೆ ಆ ಕಡೆಯಿಂದ ಹಿಂತಿರುಗಿ ಬರುತ್ತೆ."

"ಹುಳಿ ಆರ್ತಾ ಇದೆ. ಅದು ಮಾತ್ರ ಹಿಂತಿರುಗಿ ಬಿಸಿಯಾಗಲ್ಲ," ಅಂದೆ. ಅವನಿಗೆ ಕೇಳಿಸಲಿಲ್ಲ.

ಮೊದಲ ಹದಿನೈದು ದಿನ ಇಡೀ ಗುತ್ತಲು ಶ್ಯಾಮಣ್ಣನವರ ಮನೆಗೆ ಹೋಗಿಬಂತು. ಚಪ್ಪಲಿ ಹೊರಗೆ ಬಿಡಬೇಕು, ಸೋಫಾಕ್ಕೆ ಒರಗಬಾರದು, ಗುಂಡಿಯನ್ನು ಮೆಲ್ಲಗೆ ತಿರುಗಿಸಬೇಕು, ಇಬ್ಬರು ಆಡುವಾಗ ಮಿಕ್ಕವರು ಪಿಟಕ್ ಅನ್ನಬಾರದು. ಪಾಪ, ಅವರು ಕೆಟ್ಟವರಲ್ಲ, ಬೆಲೆಬಾಳುವ ವಸ್ತು ಅನ್ನುವ ಭಯ. ತಿಂಗಳು ತುಂಬುವ ಹೊತ್ತಿಗೆ ಯಾರೂ ಹೋಗುತ್ತಿರಲಿಲ್ಲ. ಟೀವಿಗೂ ಪೆಟ್ಟಿಗೆಗೂ ಸೇರಿಸಿ ಗಿಳಿ ಕಸೂತಿಯ ಬಟ್ಟೆ ಹೊದಿಸಿಬಿಟ್ಟರು.

ಇದು ಅಣ್ಣನ ತಲೆಗೆ ಹೊಕ್ಕಿತು. ಅಷ್ಟು ಚೆಂದದ ಆಟ ಯಾಕೆ ಸತ್ತುಹೋಯಿತು? ವಾರಗಟ್ಟಲೆ ಅದೇ ಯೋಚನೆ. ಒಂದು ದಿನ ಮದ್ದೂರು ಕಡೆಯ ಕೊಪ್ಪಕ್ಕೆ ಹೋಗಿ ಶಿವಣ್ಣ ಅನ್ನುವ ರೈತರ ರೇಡಿಯೋ ಸರಿಮಾಡಿ ಬರುವಾಗ, ಜಗಲಿಯ ಮೇಲೆ ಚೌಕಾಬಾರ ಆಡುವುದನ್ನು ನೋಡುತ್ತಾ ನಿಂತನಂತೆ. ಆಡುವವರು ನಾಲ್ವರು, ಸುತ್ತ ಹದಿನಾಲ್ಕು ಜನ. "ಆ ಕಾಯಿ ನಡುಸ್ಲಾ." "ಕಣ್ ಕಾಣಾಕಿಲ್ವೇನ್ಲಾ ನಿಂಗೆ." "ಬುಡ್ಲಾ, ನಾನ್ ಆಕ್ತೀನಿ ಕವಡೆ." ಸಂಜೆ ಬಂದವನ ಮುಖ ಬೆಳಗುತ್ತಿತ್ತು.

"ಆಡದೆ ಇರೋರಿಗೂ ಅಲ್ಲಿ ಜಾಗ ಇದೆ ಚೂಡಿ. ಶ್ಯಾಮಣ್ಣನವರ ಮನೆಯಲ್ಲಿ ಇರಲಿಲ್ಲ. ಅಷ್ಟೇ."

ಆಮೇಲೆ ಅವನು ಹಲಗೆ ಮಾಡಲು ಕೂತ. ಆರಡಿ ಉದ್ದದ ಹಲಸಿನ ಹಲಗೆ. ಅದರ ಉದ್ದಕ್ಕೂ ಹದಿನಾರು ಟಾರ್ಚ್ ಬಲ್ಬು. ಕೆಳಗೆ ಹಳೇ ಗ್ರಾಮಫೋನಿನ ಯಂತ್ರ, ಕೀಲಿ ಕೊಟ್ಟರೆ ತಿರುಗುವಂಥದ್ದು. ಅದು ತಿರುಗಿದಂತೆ ಒಂದಾದ ಮೇಲೊಂದು ಬಲ್ಬು ಹೊತ್ತಿ ಆರುತ್ತಾ ಬೆಳಕು ಈ ತುದಿಯಿಂದ ಆ ತುದಿಗೆ ಓಡುತ್ತಿತ್ತು. ತುದಿಯ ಬಲ್ಬು ಹೊತ್ತಿದ ಗಳಿಗೆಯಲ್ಲೇ ಅಲ್ಲಿರುವವನು ಕರೆಗಂಟೆಯ ಗುಂಡಿ ಒತ್ತಿದರೆ ಬೆಳಕು ಹಿಂತಿರುಗುತ್ತದೆ. ತಪ್ಪಿದರೆ ಸೈಕಲ್ ಬೆಲ್ಲು ಟ್ರಿಣ್ ಅನ್ನುತ್ತದೆ. ಟೀವಿ ಬೇಡ, ಕರೆಂಟು ಬೇಡ, ನಾಲ್ಕು ಸೆಲ್ಲು ಸಾಕು.

ಮುಗಿದ ದಿನ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿ ಕತ್ತಲು ಮಾಡಿ ನನ್ನನ್ನು ಒಂದು ತುದಿಗೆ ಕೂರಿಸಿದ. ಅವನ ಕಡೆಯಿಂದ ಬೆಳಕು ಹೊರಟಿತು. ಆಲೆಮನೆಯ ಬೆಲ್ಲದ ವಾಸನೆ ಎಲ್ಲಿಂದಲೋ ಬರುತ್ತಿತ್ತು, ಹೊರಗೆ ಯಾವ ಸದ್ದೂ ಇರಲಿಲ್ಲ, ಆ ಹಳದಿ ಬೆಳಕು ಹಲಗೆಯ ಮೇಲೆ ಹೆಜ್ಜೆ ಇಡುತ್ತಾ ನನ್ನ ಕಡೆಗೇ ಬಂತು. ನಾನು ಗುಂಡಿ ಒತ್ತಿದೆ. ಅದು ತಿರುಗಿ ಅವನ ಕಡೆ ಹೋಯಿತು. ಎಷ್ಟು ಹೊತ್ತು ಆಡಿದೆವೋ ತಿಳಿಯದು. ನಾಲೆಯ ಮೇಲೆ ಅವನಿಗೆ ಕಾಣುತ್ತಿದ್ದದ್ದು ಅವತ್ತು ನನಗೂ ಕಂಡಿತು. ಹೊಗಳಿದರೆ ತಲೆಗೆ ಏರೀತು ಅಂತ, "ಬೆಲ್ಲು ಕರ್ಕಶವಾಗಿದೆ" ಅಂತ ಮಾತ್ರ ಹೇಳಿದೆ.

ಅದೇ ಹೊತ್ತಿಗೆ ಅಪ್ಪನ ಕಾಗದ ಬಂತು. ಕಣ್ಣು ಮಂಜಾಗಿದೆ, ಶ್ಲೋಕ ನಾಲಿಗೆಯ ಮೇಲಿದೆ ಆದರೆ ದೀಪ ಎಲ್ಲಿದೆ ಅಂತ ಕೈಗೆ ತಿಳಿಯುತ್ತಿಲ್ಲ, ಯೋಗಿ ಬಂದು ಪೂಜೆ ಹಿಡಿಯಬೇಕು. ಅಣ್ಣ ದೀಪಾವಳಿವರೆಗೆ ಗಡುವು ಕೇಳಿದ. ಕೊಪ್ಪದ ಬಸ್ ಸ್ಟಾಪಿನ ಚಿಕ್ಕಣ್ಣ ತನ್ನ ಟೀ ಹೋಟ್ಲಿನಲ್ಲಿ ಹಲಗೆ ಇಡಲು ಒಪ್ಪಿದ್ದ. ಅಲ್ಲಿ ಜನ ಆಡಿದರೆ ಮದ್ದೂರಿನಲ್ಲೊಬ್ಬರು, ಮುತ್ತತ್ತಿಯಲ್ಲೊಬ್ಬರು ಮಾಡಿಸಿಕೊಳ್ಳುವುದಾಗಿ ಹೇಳಿದ್ದರು. ಆಡದಿದ್ದರೆ ಅಂಗಡಿ ಮುಚ್ಚಿ ಗುಡಿಗೆ ಹೋಗುವುದು. ಹೀಗೆಂದು ಅವನೇ ಬರೆದು ಹಾಕಿದ.

ಆಯುಧಪೂಜೆಗೆ ಅಮ್ಮ ಮಂಡ್ಯಕ್ಕೆ ಬಂದಳು. ಅಣ್ಣನ ಇಕ್ಕಳ, ಬೆಸುಗೆ ಕಡ್ಡಿ, ಹಲಗೆ ಎಲ್ಲವನ್ನೂ ಮಣೆಯ ಮೇಲಿಟ್ಟು ಕುಂಕುಮ ಹಚ್ಚಿ ಪೂಜೆ ಮಾಡಿದಳು. ಕೊನೆಯಲ್ಲಿ ಹಲಗೆಗೆ ಮಾತ್ರ ಅರಿಶಿನದ ಕೊಂಬು ಕಟ್ಟಿದ ಹಳದಿ ದಾರ ಸುತ್ತಿದಳು, ಎರಡು ಗುಂಡಿಗಳ ಮೇಲೂ ಹಾಯುವ ಹಾಗೆ. ಕಂಕಣ. ಅದನ್ನು ಕಟ್ಟಿದವರೇ ಬಿಚ್ಚಬೇಕು, ಅಲ್ಲಿವರೆಗೆ ಆ ವಸ್ತು ದೇವರ ಪಾಲು.

"ನಾನು ಹೇಳೋವರೆಗೆ ತೆಗೀಬೇಡ ಯೋಗಿ," ಅಂದಳು.

"ಹೂಂ ಅಮ್ಮ," ಅಂದ ನಮ್ಮ ಮಹಾನುಭಾವ. ಅಮ್ಮ ಮಾರನೇ ದಿನ ಬಸ್ಸು ಹತ್ತಿ ಹೋದಳು. ದಾರ ಹಾಗೇ ಉಳಿಯಿತು. ಅವಸರದಲ್ಲಿ ಮರೆತಳು ಅಂತ ನಾನು ಅಂದುಕೊಂಡೆ.

ಹಲಗೆ ಕೊಪ್ಪಕ್ಕೆ ಹೋಯಿತು, ಅದರ ಹಿಂದೆ ದಿನಾ ಅಣ್ಣನೂ. ಬಸ್ಸಿಗೆ ಕಾಯುವವರು ಬಂದರು, ನೋಡಿದರು, ಕೈ ಮುಗಿದು ಹೋದರು. ಒಬ್ಬ ಗುಂಡಿಯ ಕಡೆ ಕೈ ಚಾಚಿದ್ದಕ್ಕೆ ಇನ್ನೊಬ್ಬ ಕೈ ಹಿಡಿದ: "ಕಂಕಣ ಕಟ್ಟವ್ರೆ ಕಣ್ಲಾ, ಮುಟ್ಬ್ಯಾಡ."

ಅಣ್ಣ ಚಿಕ್ಕಣ್ಣನನ್ನೇ ಆಡಲು ಕರೆದ. "ಕಟ್ದೋರೇ ಬಿಚ್ಲಿ ಬುಡಿ ಸ್ವಾಮಿ. ನಮ್ಗೂ ಮಕ್ಳು ಮರಿ ಅವೆ," ಅಂದ ಚಿಕ್ಕಣ್ಣ. ಅವನ ಹೆಂಡತಿ ಚಲುವಮ್ಮ ದಿನಾ ಬೆಳಿಗ್ಗೆ ಹಲಗೆಗೆ ಸೇವಂತಿಗೆ ಇಡತೊಡಗಿದಳು. ಎರಡನೇ ವಾರದಲ್ಲಿ ಒಬ್ಬಾಕೆ ಕೆಮ್ಮಿನ ಮಗುವನ್ನು ತಂದು ಹಲಗೆಯ ಮುಂದೆ ಮಲಗಿಸಿ, "ವಸಿ ತೀರ್ಥ ಕೊಡಿ ಅಯ್ನೋರೇ" ಅಂದಳಂತೆ. ಅಣ್ಣ ಲೋಟದಿಂದ ನೀರು ಕೊಟ್ಟನಂತೆ. ಗುಡಿ ಬೇಡ ಅಂತ ದೂರ ಬಂದವನು ಟೀ ಹೋಟ್ಲಿನಲ್ಲಿ ಅರ್ಚಕನಾಗಿ ಕೂತ.

ಅಮ್ಮನಿಗೆ ಬರೆದ. ಉತ್ತರ ಬಂತು: ಇರಲಿ, ದೀಪಾವಳಿ ಕಳೆಯಲಿ.

ನಾನು ಕತ್ತರಿ ತೆಗೆದುಕೊಂಡು ಕೊಪ್ಪಕ್ಕೇ ಹೋದೆ. ಅಣ್ಣ ಬೆಂಚಿನ ಮೇಲೆ ಕೂತು ಒದ್ದೆ ಬಟ್ಟೆಯಿಂದ ಹಲಗೆಯ ಧೂಳು ಒರೆಸುತ್ತಿದ್ದ, ದಾರಕ್ಕೆ ಬಟ್ಟೆ ತಾಕದ ಹಾಗೆ ಅದರ ಪಕ್ಕಪಕ್ಕದಲ್ಲೇ. ರಸ್ತೆಯಾಚೆ ಕಬ್ಬಿನ ಗದ್ದೆ ಅಲುಗದೆ ನಿಂತಿತ್ತು. ನನ್ನ ಕೈಯಿಂದ ಕತ್ತರಿ ತೆಗೆದುಕೊಂಡು ತನ್ನ ಜೇಬಿಗೆ ಹಾಕಿಕೊಂಡ.

"ಅಮ್ಮ ಕಟ್ಟಿದ್ದು ಚೂಡಿ."

"ಕಟ್ಟಿ ಮರೆತಿದ್ದಾಳೆ. ಮೂರು ದಿನ ಇದೆ ಹಬ್ಬಕ್ಕೆ. ನಿನಗೆ ರೋಷವೇ ಇಲ್ವಾ?"

"ಅವಳಿಗೆ ಏನೋ ಇರುತ್ತೆ ಮನಸ್ಸಿನಲ್ಲಿ," ಅಂದ. ನನಗೆ ಅಳು ಬಂತು, ಸಿಟ್ಟಿಗೆ. ಅಲ್ಲಿಂದಲೇ ಮದ್ದೂರಿಗೆ ಹೋಗಿ ಮಳವಳ್ಳಿ ಬಸ್ಸು ಹಿಡಿದೆ.

ದಾರಿಯುದ್ದಕ್ಕೂ ಬೈಗುಳ ಜೋಡಿಸಿಟ್ಟುಕೊಂಡೇ ಹೋದೆ. ಊರು ಮುಟ್ಟಿದಾಗ ಸಂಜೆಯ ಮಂಗಳಾರತಿ ನಡೆಯುತ್ತಿತ್ತು. ಅಪ್ಪ ಆರತಿ ಎತ್ತಿದರು. ತಟ್ಟೆ ಓರೆಯಾದದ್ದು ಕಾಣದೆ, ಉರಿಯುವ ಕರ್ಪೂರವನ್ನು ಮಣಿಕಟ್ಟಿನ ಮೇಲೆ ಬೀಳಿಸಿಕೊಂಡರು. ಅವರು ಶ್ಲೋಕ ನಿಲ್ಲಿಸಲಿಲ್ಲ. ಅಮ್ಮ ಕಂಬದ ಪಕ್ಕದಿಂದ ಓಡಿ ಬಂದು ಸೆರಗಿನಿಂದ ಕರ್ಪೂರ ಕೊಡವಿದಳು. ಆ ಕೈಯಲ್ಲಿ ಹಳೆಯ ಸುಟ್ಟ ಕಲೆಗಳು ನಾಲ್ಕಾರು ಇದ್ದವು.

ಹಿತ್ತಲಿನಲ್ಲಿ ಅಮ್ಮ ಪಾತ್ರೆ ತೊಳೆಯುವಾಗ ಕೇಳಿದೆ. "ಕಂಕಣ ಬಿಚ್ಚೋದು ಮರೆತೆಯಲ್ಲಮ್ಮ."

"ಮರೀಲಿಲ್ಲ," ಅಂದಳು. ತಲೆ ಎತ್ತಲಿಲ್ಲ. "ಬೇಕು ಅಂತಲೇ ಕಟ್ಟಿದೆ. ಕಂಕಣ ಇದ್ದರೆ ಯಾರೂ ಮುಟ್ಟಲ್ಲ ಅಂತ ನನಗೆ ಗೊತ್ತಿತ್ತು. ಆಟ ನಡೀದಿದ್ರೆ ಅವನು ಮನೆಗೆ ಬರ್ತಾನೆ. ನಿಮ್ಮಪ್ಪನ ಕೈ ನೋಡಿದೆಯಲ್ಲ."

ನಾನು ಕೊಪ್ಪದಲ್ಲಿ ಕಂಡದ್ದನ್ನಷ್ಟೇ ಹೇಳಿದೆ. ದಾರದ ಪಕ್ಕಪಕ್ಕದಲ್ಲೇ ಧೂಳು ಒರೆಸುತ್ತಾನೆ, ಕತ್ತರಿ ಕಿತ್ತುಕೊಂಡ, ಅಮ್ಮ ಕಟ್ಟಿದ್ದು ಅಂತಾನೆ.

"ಒಂದು ಸಲವೂ ಬೈಲಿಲ್ವಾ ನನ್ನ?"

"ಇಲ್ಲ."

ಅಮ್ಮ ತೊಳೆದ ಚೊಂಬನ್ನೇ ಮತ್ತೆ ತೊಳೆದಳು. ಅವಳು ಅಳುತ್ತಿದ್ದಳು. ಆಮೇಲೆ ಒಳಗೆ ಹೋಗಿ ಅಪ್ಪನ ಹತ್ತಿರ ಏನೋ ಮಾತಾಡಿದಳು. ಅಪ್ಪ ಊರ ಯಜಮಾನ ಅಂಕಯ್ಯನವರ ಮನೆಯ ಕಡೆ ಹೊರಟರು.

ಮಾರನೇ ಬೆಳಿಗ್ಗೆ ಅಮ್ಮನೂ ನಾನೂ ಕೊಪ್ಪದಲ್ಲಿ ಇಳಿದೆವು. ಮಂಜು ಇನ್ನೂ ಗದ್ದೆಯ ಮೇಲೆಯೇ ಇತ್ತು. ಚಿಕ್ಕಣ್ಣನ ಒಲೆಯ ಹೊಗೆ ಅದರೊಳಗೆ ಸೇರಿಕೊಂಡು, ಬಸ್ಸಿಗೆ ಕಾಯುವ ಜನ ಅರ್ಧರ್ಧ ಕಾಣುತ್ತಿದ್ದರು. ಅಣ್ಣ ಎದ್ದು ನಿಂತ. ಅಮ್ಮ ಅವನ ಮುಖ ನೋಡದೆ ನೇರ ಹಲಗೆಯ ಹತ್ತಿರ ಹೋಗಿ ಸೇವಂತಿಗೆ ತೆಗೆದಳು, ಕೈ ಮುಗಿದಳು, ತುಟಿಯಲ್ಲೇ ಮಂತ್ರ ಹೇಳಿ ಗಂಟು ಬಿಚ್ಚಿದಳು. ಅದು ಬಿಗಿದುಕೊಂಡಿತ್ತು. ಹಲ್ಲಿನಿಂದ ಕಚ್ಚಿ ಬಿಚ್ಚಿದಳು.

"ಬೇಕು ಅಂತಲೇ ಕಟ್ಟಿದ್ದೆ ಯೋಗಿ. ನೀನು ಸೋಲಲಿ ಅಂತ," ಅಂದಳು. ಎಲ್ಲರಿಗೂ ಕೇಳಿಸಿತು.

ಅಣ್ಣ ಬಗ್ಗಿ ಯಂತ್ರಕ್ಕೆ ಕೀಲಿ ಕೊಟ್ಟ.

"ಇನ್ನ ಮುಟ್ಟಬೌದಾ ಅಮ್ಮಾವ್ರೇ?" ಅಂತ ಚಲುವಮ್ಮ ಕೇಳಿದಳು. ಅಮ್ಮ ಈ ತುದಿಗೆ ಕೂತು ಆ ತುದಿಯನ್ನು ಅವಳಿಗೆ ತೋರಿಸಿದಳು. ಚಲುವಮ್ಮ ಟೀ ಸೋಸುತ್ತಿದ್ದ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಕೂತಳು. ಬೆಳಕು ಹೊರಟಿತು. ಮೊದಲ ಸಲ ಅಮ್ಮ ತಪ್ಪಿದಳು, ಬೆಲ್ಲು ಹೊಡೆಯಿತು. ಎರಡನೇ ಸಲವೂ ತಪ್ಪಿದಳು. "ಬೇಗ ಒತ್ತಿಬುಟ್ರಿ ಕಣಮ್ಮ, ವಸಿ ತಡೀರಿ," ಅಂತ ಹಿಂದಿನಿಂದ ಯಾರೋ ಹೇಳಿದರು. "ಸುಮ್ಕಿರ್ಲಾ, ಅವ್ರಿಗೇ ಗೊತ್ತಾಯ್ತದೆ." "ಚಲುವಿ, ನೀ ಬುಡಬ್ಯಾಡ." ಮದ್ದೂರಿನ ಬಸ್ಸು ಬಂದು ಹಾರನ್ ಹೊಡೆದು ಹೊರಟುಹೋಯಿತು. ಅದಕ್ಕೇ ಕಾಯುತ್ತಿದ್ದ ಐದಾರು ಜನ ತಿರುಗಿಯೂ ನೋಡಲಿಲ್ಲ. ಮೂರನೇ ಸಲ ಅಮ್ಮ ಸರಿಯಾಗಿ ಒತ್ತಿದಳು. ಬೆಳಕು ಮಂಜಿನೊಳಗೆ ಹಿಂದಕ್ಕೆ ಓಡಿತು, ಜನ ಹೋ ಅಂದರು. ನಮ್ಮಮ್ಮ ಹಾಗೆ ನಗುವುದನ್ನು ನಾನು ಹುಟ್ಟಿದ ಮೇಲೆ ನೋಡಿರಲಿಲ್ಲ.

ಅಣ್ಣ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತ. "ಅಪ್ಪನ ಕೈ ಸುಡ್ತಾ ಇದೆ ಅಂತ ಯಾಕೆ ಹೇಳಲಿಲ್ಲಮ್ಮ? ಚೂಡಿ ಈಗ ಹೇಳಿದಳು. ಇದನ್ನ ಚಿಕ್ಕಣ್ಣನಿಗೆ ಬಿಟ್ಟು ಇವತ್ತೇ ಬರ್ತೀನಿ. ನಾನೇ ಪೂಜೆ ಹಿಡೀತೀನಿ."

ಬೆಳಕು ಚಲುವಮ್ಮನ ತುದಿ ಮುಟ್ಟಿ ತಿರುಗಿತ್ತು. ಅಮ್ಮ ಅದರ ಮೇಲಿಂದ ಕಣ್ಣು ತೆಗೆಯಲಿಲ್ಲ.

"ಗುಡಿ ಬೀಗದಕೈ ನಿನ್ನೆ ಸಂಜೆನೇ ಅಂಕಯ್ಯನವರಿಗೆ ಕೊಟ್ಟಾಯ್ತು. ಪೂಜೆಗೆ ಬೇರೆಯವರನ್ನ ನೋಡ್ಕೊಳ್ಳಿ ಅಂತ ನಿಮ್ಮಪ್ಪನೇ ಕೊಟ್ಟು ಬಂದರು," ಅಂದಳು. "ಹಬ್ಬ ಆದಮೇಲೆ ನಾವಿಬ್ಬರೂ ಗುತ್ತಲಿಗೆ ಬರ್ತೀವಿ. ಒಂದೂವರೆ ಕೋಣೆ ಸಾಕಾಗಲ್ಲ, ಬೇರೆ ಮನೆ ನೋಡು. ಈಗ ಸುಮ್ಮನಿರು, ಬಂತು."