ಸೀಬೆರಾಜನ ಪ್ರದಕ್ಷಿಣೆ

ಸೀಬೆಹಣ್ಣಿನ ವಾಸನೆ ಬಂದರೆ ನನಗೆ ಹಸಿವಾಗುವ ಬದಲು ಹಳೆಯ ಕಂಪ್ಯೂಟರ್ ಆಟವೊಂದು ನೆನಪಾಗುತ್ತದೆ ಎಂದರೆ ನೀವು ನಗಬಹುದು. ಇವತ್ತು ತಿಲಕ್ ನಗರದಲ್ಲಿ ಅರಳಿಕಟ್ಟೆಯ ಪಕ್ಕದ ತಳ್ಳುಗಾಡಿಯ ಮುಂದೆ ಸ್ಕೂಟರ್ ನಿಲ್ಲಿಸಿಕೊಂಡು ಅದೇ ನೆನಪಿನಲ್ಲಿ ನಿಂತಿದ್ದೆ. “ಹೆಚ್ಚಿ ಉಪ್ಪು ಖಾರ ಹಾಕ್ಲಾ ಸಾರ್, ಹಂಗೇ ಬೇಕಾ?” ಎಂದು ಗಾಡಿಯವನು ಕೇಳಿದ. ಇಷ್ಟು ಸರಳ ಪ್ರಶ್ನೆಗೆ ‘ಸ್ವಲ್ಪ ತಾಳಪ್ಪ’ ಎಂದೆ. ಯಾಕೆಂದು ತಿಳಿಯಬೇಕಾದರೆ ನೀವು ಸೀಬೆರಾಜನ ಕಥೆ ಕೇಳಬೇಕು.

ಸೀಬೆರಾಜ ನಮ್ಮ ಕಂಪ್ಯೂಟರ್ ಆಟದ ವೀರ. ನಾವು ಆಗ ಜಯನಗರದ ಬಾಡಿಗೆ ಮನೆಯಲ್ಲಿದ್ದೆವು. ಮಾಟಗಾತಿಯರು, ಮಾತಾಡುವ ತೋಳಗಳು, ಪಾಳು ಕೋಟೆಗಳು ಇದ್ದ ಆ ಆಟ ಒಬ್ಬರೇ ಕೂತು ಆಡುವಂಥದ್ದು. ಮನೆಯಲ್ಲಿ ಅಕ್ಕ ಮತ್ತು ನಾನು ಇಬ್ಬರು, ಕಂಪ್ಯೂಟರ್ ಒಂದು. ದಿನಾ ನಡೆಯುವ ಕುಸ್ತಿ ನೋಡಲಾರದೆ ಅಪ್ಪ ತೀರ್ಪು ಕೊಟ್ಟರು: ಮೌಸು ಅವಳಿಗೆ, ಕೀಬೋರ್ಡು ನನಗೆ. ಹೀಗಾಗಿ ವೀರನನ್ನು ನಡೆಸುವವನು ನಾನು, ಕತ್ತಿ ಬೀಸುವವಳು ಅವಳು. ಒಬ್ಬರು ಮುನಿಸಿಕೊಂಡರೆ ಅವನು ನಿಂತಲ್ಲೇ ನಿಲ್ಲುತ್ತಿದ್ದ. ಹೆಸರು ಕೊಡಿ ಎಂದು ಆಟ ಕೇಳಿದಾಗ ಅಕ್ಕ ಸೀಬೆಹಣ್ಣು ತಿನ್ನುತ್ತಿದ್ದಳು. ಅಷ್ಟೇ, ನಾಮಕರಣ ಆಗಿಹೋಯಿತು.

ಹೂಬತ್ತಿ ಹೊಸೆಯುತ್ತಾ ನಮ್ಮ ಹಿಂದೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ ಅಜ್ಜಿಗೆ ಅದು ಧಾರಾವಾಹಿ. ಆಟದ ಮೊದಲ ಊರಿನ ನಡುವೆ ಒಂದು ದೊಡ್ಡ ಮರವಿತ್ತು. ಯಾವ ದೇಶದ ಮರವೋ, ಅಜ್ಜಿ ಮಾತ್ರ ಅದನ್ನು ಅರಳಿಮರ ಎಂದೇ ತೀರ್ಮಾನಿಸಿದರು. “ಊರು ಬಿಡೋ ಮುಂಚೆ ಒಂದು ಪ್ರದಕ್ಷಿಣೆ ಹಾಕಿಸ್ರೋ. ಪಾಪ, ಮಗು ಒಂದೇ ಹೋಗ್ತಿದೆ,” ಎಂದರು. ನಾವು ಕೇಳಲಿಲ್ಲ. ಊರಾಚೆಯ ಮೊದಲ ತೋಳವೇ ಸೀಬೆರಾಜನನ್ನು ಮುಗಿಸಿತು. ಆಮೇಲೆ ಎಂದೂ ಪ್ರದಕ್ಷಿಣೆ ತಪ್ಪಿಸಲಿಲ್ಲ. ಆಟದ ಎರಡನೆಯ ಭಾಗ ಬಂತು, ಮೂರನೆಯದು ಬಂತು, ಅಕ್ಕನ ಮದುವೆಯಾಯಿತು, ಅಜ್ಜಿ ತೀರಿಕೊಂಡರು. ಹೊಸ ಭಾಗ ಬಂದಾಗಲೆಲ್ಲ ಅಕ್ಕ ಭಾನುವಾರ ಬಂದು, ನನ್ನನ್ನು ಪಕ್ಕಕ್ಕೆ ತಳ್ಳಿ ಮೌಸು ಹಿಡಿಯುತ್ತಿದ್ದಳು.

ಆಮೇಲೆ ಅವಳು ಗಿರಿನಗರದಲ್ಲಿ ಮನೆ ಕಟ್ಟಿಸಿದಳು. ಗೃಹಪ್ರವೇಶಕ್ಕೆ ತವರಿನವರನ್ನು ಮನೆಗೇ ಬಂದು, ಕುಂಕುಮ ಕೊಟ್ಟು ಕರೆಯುವುದು ನಮ್ಮ ಪದ್ಧತಿ. ಅಪ್ಪ ಅಮ್ಮ ಹೋದಮೇಲೆ ತವರು ಎಂದರೆ ನಾನೇ. ಬಂದದ್ದು ಮಾತ್ರ ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಒಂದು ಗಣಪತಿಯ ಚಿತ್ರ, ಕೆಳಗೆ ‘ಎಲ್ಲರೂ ಬನ್ನಿ’. ಫೋನ್ ಮಾಡಿದೆ.

“ಎಲ್ಲರೂ ಅಂದ್ರೆ ನಾನೂ ಸೇರಿದ್ನಾ?”

“ಒಡಹುಟ್ಟಿದವನಿಗೆ ಬೇರೆ ಕರೀಬೇಕೇನೋ?”

“ಬಂದು ಕರೀಬೇಕಿತ್ತು.”

“ಹಾಗಾದ್ರೆ ಬರಬೇಡ ಬಿಡು.”

ಬಿಟ್ಟೆ. ಅವಳಿಗೆಂದು ತಂದ ಉಡುಗೊರೆಯ ಸೀರೆ ಬೀರುವಿನಲ್ಲೇ ಉಳಿಯಿತು. ಒಂದು ದೀಪಾವಳಿ ಹೋಯಿತು, ಇನ್ನೊಂದೂ ಹೋಯಿತು. ಎರಡೂ ಕಡೆ ಬಿಗುಮಾನ, ಮಾತಿಲ್ಲ.

ಹೀಗಿರುವಾಗ ನಮ್ಮ ಆಟವನ್ನು ಆನ್‌ಲೈನ್ ಮಾಡುತ್ತಾರೆಂಬ ಸುದ್ದಿ ಬಂತು. ಇನ್ನು ಒಬ್ಬರೇ ಆಡುವಂತಿಲ್ಲ, ಲೋಕದ ಜನರೆಲ್ಲ ಒಂದೇ ಊರಿನಲ್ಲಿ ಓಡಾಡುತ್ತಾರೆ. ನನಗೆ ನಮ್ಮ ನಡುಮನೆಗೆ ಪರಿಷೆಯನ್ನೇ ನುಗ್ಗಿಸಿದ ಹಾಗಾಯಿತು. ಹಾಗಂತ ಸುಮ್ಮನಿರಲು ಆಗುತ್ತದೆಯೇ? ಶನಿವಾರ ಬೆಳಿಗ್ಗೆ ಆಟ ತೆರೆಯಿತು. ಮಧ್ಯಾಹ್ನ, ಚಾಳೀಸು ಏರಿಸಿಕೊಂಡು ಸರದಿಯಲ್ಲಿ ಕಾದು, ‘ಸೀಬೆರಾಜ’ ಎಂದು ಒತ್ತಿದೆ. ಈ ಹೆಸರನ್ನು ಆಗಲೇ ಬೇರೆಯವರು ಪಡೆದಿದ್ದಾರೆ ಎಂಬ ಉತ್ತರ ಬಂತು.

ಲೋಕದಲ್ಲಿ ಆ ಹೆಸರು ಗೊತ್ತಿದ್ದವಳು ಒಬ್ಬಳೇ. ಅವಳಾಗಿದ್ದರೆ, ನನ್ನನ್ನು ಬಿಟ್ಟು ಹೊರಟಳೇ? ಅವಳಲ್ಲದಿದ್ದರೆ, ನಮ್ಮ ಹುಡುಗ ಯಾವನ ಕೈಗೆ ಸಿಕ್ಕಿದ? ಎರಡರಲ್ಲಿ ಯಾವುದು ಹೆಚ್ಚು ಕೆಟ್ಟದ್ದೆಂದು ಗೊತ್ತಾಗಲಿಲ್ಲ. ಸಿಟ್ಟಿನಲ್ಲಿ ‘ಸೀಬೆಕಾಯಿ’ ಎಂದು ಹೆಸರಿಟ್ಟುಕೊಂಡು ಒಳಗೆ ಹೋದೆ.

ಊರು ಸಂತೆಯಾಗಿತ್ತು. ಕುದುರೆಯ ಮೇಲಿದ್ದವರು, ನಿಂತಲ್ಲೇ ಕುಪ್ಪಳಿಸುವವರು, ಕತ್ತಿ ಮಾರುವವರು. ಪುಣ್ಯಕ್ಕೆ ಮರ ಇತ್ತು. ಆ ಗದ್ದಲದ ನಡುವೆ ಒಬ್ಬನೇ ಒಬ್ಬ ಮರವನ್ನು ಸುತ್ತುತ್ತಿದ್ದ. ತಲೆಯ ಮೇಲೆ ‘ಸೀಬೆರಾಜ’ ಎಂದಿತ್ತು. ಎರಡು ಹೆಜ್ಜೆ ಇಡುವುದು, ಕಟ್ಟೆಗೆ ಡಿಕ್ಕಿ ಹೊಡೆಯುವುದು, ತಿರುಗುವುದು, ಮತ್ತೆ ಡಿಕ್ಕಿ. ನಡೆಸಲು ಬಾರದವರ ನಡಿಗೆ ಅದು. ಅಕ್ಕನಿಗೆ ಕೀಬೋರ್ಡು ಕೈ ಹಿಡಿಯುವುದೇ ಇಲ್ಲ.

ಮಾತಾಡಿಸಿದರೆ ಹೊರಟುಹೋದರೆ? ಏನೂ ಬರೆಯದೆ ಹಿಂದೆ ಹೋಗಿ ನಾನೂ ಸುತ್ತತೊಡಗಿದೆ. ಅಲ್ಲೇನೋ ನಿಧಿಯಿದೆ ಎಂದುಕೊಂಡು ಮತ್ತೂ ಕೆಲವರು ನಮ್ಮ ಹಿಂದೆ ಸೇರಿಕೊಂಡರು. ಸೀಬೆರಾಜ ನಿಂತ.

“ಕೀಬೋರ್ಡಾ?” ಎಂಬ ಅಕ್ಷರ ಮೂಡಿತು.

“ಹೂಂ,” ಎಂದು ಒತ್ತಿದೆ.

ಸೀಬೆರಾಜ ಕಟ್ಟೆಗೆ ಇನ್ನೊಮ್ಮೆ ಡಿಕ್ಕಿ ಹೊಡೆದ. ಆಮೇಲೆ, “ನಡೆಯೋಕೇ ಬರ್ತಿಲ್ಲ ಕಣೋ. ಬೆಳಿಗ್ಗೆಯಿಂದ ಇಲ್ಲೇ ಸುತ್ತುತಿದೀನಿ, ನೀನು ಬರ್ತೀಯ ಅಂತ.”

“ಹೆಸರು ಯಾಕೆ ತಗೊಂಡೆ?”

“ಬೇರೆ ಯಾರಾದ್ರೂ ತಗೊಂಡ್ಬಿಟ್ರೆ?”

ಅವಳಿಂದಲೇ ಇನ್ನೊಂದು ಸಾಲು ಬಂತು: “ನೋಡು, ಈಗ ನಾನೇ ಬಂದು ಕರೀತಿದೀನಿ. ನಾಳೆ ಊಟಕ್ಕೆ ಮನೆಗೆ ಬಾ. ಕುಂಕುಮ ಈ ಊರಲ್ಲಿ ಸಿಗಲ್ಲ.”

ಪರದೆ ಮಸುಕಾಯಿತು. ಕನ್ನಡಕ ಒರೆಸಿದರೂ ಮಸುಕು ಹೋಗಲಿಲ್ಲ. ನಾನು ಅಳುತ್ತಿದ್ದೆ. ಪರಿಷೆಯಾದರೇನು, ಆ ಜನಜಂಗುಳಿ ಇಲ್ಲದಿದ್ದರೆ ನಾವಿಬ್ಬರೂ ಎದುರುಬದುರು ಆಗುತ್ತಲೇ ಇರಲಿಲ್ಲ.

ಆ ‘ನಾಳೆ’ಯೇ ಇವತ್ತು. ಸೀರೆಯ ಪೊಟ್ಟಣ ಸ್ಕೂಟರಿನ ಡಿಕ್ಕಿಯಲ್ಲಿದೆ. ಅವಳ ಹೊಸ ಮನೆಯ ಬಾಗಿಲನ್ನು ನಾನು ಇನ್ನೂ ನೋಡಿಲ್ಲ. ಅದು ತೆರೆದಾಗ ಮೊದಲು ಏನು ಹೇಳಬೇಕೋ ಗೊತ್ತಿಲ್ಲ. ಪರದೆಯ ಮೇಲಾದರೆ ‘ಹೂಂ’ ಸಾಕಾಗಿತ್ತು.

“ಸಾರ್, ಏನ್ ಮಾಡ್ಲಿ ಹೇಳಿ,” ಎಂದ ಗಾಡಿಯವನು.

“ಹಾಗೇ ಕೊಡಪ್ಪ. ಅಕ್ಕ ಹೆಚ್ತಾಳೆ.”

ಹಣ್ಣಿನ ಚೀಲ ಸಿಕ್ಕಿಸಿಕೊಂಡು ಸ್ಕೂಟರ್ ಶುರು ಮಾಡಿದೆ. ಗಿರಿನಗರದ ದಾರಿ ಹಿಡಿಯುವ ಮೊದಲು, ಗಾಡಿಯವನು ಬಾಯಿಬಿಟ್ಟುಕೊಂಡು ನೋಡುತ್ತಿದ್ದಂತೆ, ಅರಳಿಕಟ್ಟೆಗೆ ನಿಧಾನವಾಗಿ ಒಂದು ಸುತ್ತು ಹಾಕಿದೆ.