ಗಂಟಿಲ್ಲದ ಮುದ್ದೆ

ಹಿಂದೆಲ್ಲ ಮಕ್ಕಳಿಗೆ ಕೆಲಸ ಬರುತ್ತಿತ್ತು, ಈಗಿನವಕ್ಕೆ ಒಂದು ಲೋಟ ತೊಳೆಯಲೂ ಬರುವುದಿಲ್ಲ ಎಂದು ನನ್ನ ವಯಸ್ಸಿನವರು ಕೂತಲ್ಲೆಲ್ಲ ಹೇಳುತ್ತಾರೆ. ನನ್ನ ಕೈಲೂ ಹೂಂ ಅನ್ನಿಸಲು ನೋಡುತ್ತಾರೆ. ನಾನು ಅನ್ನುವುದಿಲ್ಲ. ನನಗೆ ಕೆಲಸ ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಅದರಿಂದ ನನಗೆ ಏನಾಯಿತು ಅನ್ನುವುದನ್ನು ಕೇಳಿಸಿಕೊಂಡು ಆಮೇಲೆ ಮಾತಾಡಿ.

ಆಗ ನನಗೆ ಹತ್ತು ವರ್ಷ. ಗೌರಿಬಿದನೂರಿನಲ್ಲಿ, ರೈಲು ಹಳಿಯಿಂದ ಸ್ವಲ್ಪ ಈಚೆಗೆ, ಹೆಣ್ಣುಮಕ್ಕಳ ಒಂದು ಸಣ್ಣ ಆಶ್ರಮವಿತ್ತು. ಇಪ್ಪತ್ತೆರಡು ಮಕ್ಕಳಿದ್ದೆವು. ಎಲ್ಲರೂ ಅನಾಥರೇನಲ್ಲ. ನನಗೆ ಅಪ್ಪ ಇರಲಿಲ್ಲ, ಅಮ್ಮ ಇದ್ದಳು. ಅವಳು ಶಿಡ್ಲಘಟ್ಟದಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಶೆಡ್ಡೊಂದರಲ್ಲಿ ಕೆಲಸ ಮಾಡಿಕೊಂಡು ಅದರ ಮೂಲೆಯಲ್ಲೇ ಮಲಗುತ್ತಿದ್ದಳು. ನನ್ನನ್ನು ಆಶ್ರಮಕ್ಕೆ ಬಿಟ್ಟ ದಿನ ಅವಳು ಹೇಳಿದ್ದು ಇಷ್ಟೇ: “ಇಲ್ಲಿ ಓದುಸ್ತಾರಂತೆ ಕಣೇ ಗಂಗಿ. ಹೊಟ್ಟೆಗೆ ಹೆಂಗೋ ನಾನೂ ಹಾಕ್ತಿದ್ದೆ. ಓದ್ಸೋಕೆ ನನ್ ಕೈಲಾಗಲ್ಲ.”

ಆಶ್ರಮದ ಬಾಗಿಲು ದಾಟಿದರೆ ಗೋಡೆಯ ಮೇಲೆ ಒಂದು ಕಪ್ಪು ಹಲಗೆ. ಎಡಗಡೆ ಕೆಲಸ, ಬಲಗಡೆ ನಮ್ಮ ಹೆಸರು. ನೀರು, ಕಸ, ಪಾತ್ರೆ, ಸೌದೆ, ಸಣ್ಣವರ ತಲೆ. ಸಣ್ಣವರ ತಲೆ ಅಂದರೆ ಪುಟ್ಟ ಮಕ್ಕಳ ಹೇನು ತೆಗೆದು ಜಡೆ ಹಾಕುವುದು. ಆಶ್ರಮ ನೋಡಿಕೊಳ್ಳುತ್ತಿದ್ದಾಕೆಯನ್ನು ನಾವು ದೊಡ್ಡಕ್ಕ ಅನ್ನುತ್ತಿದ್ದೆವು. ಪ್ರತಿ ಸೋಮವಾರ ಬೆಳಿಗ್ಗೆ ಅವರು ಹೆಸರುಗಳನ್ನು ಒರೆಸಿ, ಬೇರೆ ಬೇರೆ ಕೆಲಸದ ಮುಂದೆ ಬರೆಯುತ್ತಿದ್ದರು. ಈ ವಾರ ಬಾವಿಯಿಂದ ನೀರು ಸೇದಿ ಅಂಗೈ ಬೊಬ್ಬೆ ಬಂದರೆ ಮುಂದಿನ ವಾರ ಕೂತು ಜಡೆ ಹಾಕಬಹುದು. ಈ ಪದ್ಧತಿಯ ಮೇಲೆ ನನಗೆ ಯಾವ ತಕರಾರೂ ಇಲ್ಲ. ಬೆಳಿಗ್ಗೆ ಹಿಂದೂಪುರದ ಕಡೆ ಹೋಗುವ ರೈಲು ಕೂಗುವ ಹೊತ್ತಿಗೆ ಎಲ್ಲರ ಕೆಲಸ ಮುಗಿದಿರಬೇಕು. ಆಮೇಲೆ ಸ್ಕೂಲು. ಮಧ್ಯಾಹ್ನ ಉಣ್ಣಲು ಬರುತ್ತಿದ್ದೆವು, ಉಂಡು ಮತ್ತೆ ಸ್ಕೂಲಿಗೆ ಓಡುತ್ತಿದ್ದೆವು. ನಾನು ಐದನೇ ಕ್ಲಾಸು. ಭಾರಿ ಬುದ್ಧಿವಂತೆ ಏನಲ್ಲ, ಲೆಕ್ಕದಲ್ಲಿ ಹಿಂದೆ. ಆದರೆ ಕನ್ನಡ ಪುಸ್ತಕ ಗಟ್ಟಿಯಾಗಿ ಓದು ಅಂದರೆ ಮೇಷ್ಟ್ರು ಸಾಕು ಅನ್ನುವವರೆಗೂ ನಿಲ್ಲಿಸುತ್ತಿರಲಿಲ್ಲ.

ಅಡುಗೆ ನಮ್ಮ ಕೆಲಸವಾಗಿರಲಿಲ್ಲ. ಅದಕ್ಕೆ ನರಸಮ್ಮಜ್ಜಿ ಇದ್ದಳು. ಹಿಂದೂಪುರದ ಕಡೆಯವಳು, ನಮ್ಮ ಜೊತೆ ತೆಲುಗಿನಲ್ಲೇ ಮಾತು. ದೀಪಾವಳಿ ಮುಗಿದ ಮೇಲೆ ಮಗಳ ಬಾಣಂತನಕ್ಕೆ ಹೊರಟಳು. “ಪದಿಹೇನು ರೋಜುಲ್ಲೋ ವಸ್ತಾನಮ್ಮಾ” ಅಂದಳು. ಹದಿನೈದು ದಿನ ಆಯಿತು, ತಿಂಗಳಾಯಿತು, ದೊಡ್ಡಕ್ಕನೇ ಹೇಗೋ ಬೇಯಿಸಿ ಹಾಕುತ್ತಿದ್ದರು, ಅಜ್ಜಿ ಬರಲಿಲ್ಲ. ಬೇರೊಬ್ಬಳನ್ನು ಹುಡುಕುವುದು ಬಿಟ್ಟು ದೊಡ್ಡಕ್ಕ ಹಲಗೆಯ ಮೇಲೆ ಇನ್ನೊಂದು ಸಾಲು ಸೇರಿಸಿದರು: ಅಡುಗೆ. ವಾರಕ್ಕೆ ಇಬ್ಬರು. ಆ ವಾರ ಆ ಇಬ್ಬರಿಗೆ ಸ್ಕೂಲಿಲ್ಲ.

ಅವರೆಕಾಯಿ ಕಾಲ ಅದು. ಹಳ್ಳಿಗಳಿಂದ ಯಾರಾದರೂ ಒಂದು ಮೂಟೆ ತಂದು ಹಾಕಿ ಹೋಗುತ್ತಿದ್ದರು. ಜಗಲಿ ಮೇಲೆ ಎಲ್ಲರೂ ಕೂತು ಬಿಡಿಸುವುದು. ಕೈಯೆಲ್ಲ ಸೊಗಡು, ಎಷ್ಟು ತೊಳೆದರೂ ಹೋಗದು. ಕಾಯಿಯೊಳಗೆ ಹಸಿರು ಹುಳ ಸಿಕ್ಕರೆ ಪಕ್ಕದವಳ ಕುಪ್ಪಸದೊಳಗೆ ಬಿಡುವುದು, ಅವಳು ಕಿರುಚಿಕೊಂಡು ಅಂಗಳವೆಲ್ಲ ಓಡುವುದು. ನಕ್ಕೂ ನಕ್ಕೂ ಬಿಕ್ಕಳಿಕೆ ಬರುತ್ತಿತ್ತು. ಸುಖ ಇರಲಿಲ್ಲ ಎಂದು ನಾನು ಹೇಳುತ್ತಿಲ್ಲ.

ಮೊದಲ ಎರಡು ವಾರ ಅಡುಗೆ ಮಾಡಿದವರು ಮುದ್ದೆಯನ್ನು ಸೀಯಿಸಿದರು, ಇಲ್ಲವೇ ಅಂಬಲಿಯಂತೆ ಮಾಡಿದರು. ಮೂರನೇ ವಾರ ನನ್ನದೂ ರತ್ನಳದೂ ಸರದಿ. ರತ್ನ ತೊಂಡೇಬಾವಿಯವಳು, ನನಗಿಂತ ಒಂದು ವರ್ಷ ದೊಡ್ಡವಳು, ನನ್ನ ಜೀವದ ಗೆಳತಿ, ಶುದ್ಧ ಕೆಲಸಗಳ್ಳಿ. ಒಲೆಗೆ ನೀಲಗಿರಿ ಎಲೆ ಹಾಕಿ ಊದಿ ಊದಿ ಇಬ್ಬರ ಕಣ್ಣೂ ಕೆಂಡವಾಗಿತ್ತು. ಎಸರು ಕುದಿಯಿತು. ಹಿಟ್ಟು ಸುರಿದು, ಉಕ್ಕಿ ಬರುವುದನ್ನು ನೋಡಿಕೊಂಡು, ಕೋಲು ಹಾಕಬೇಕು. ಅವಳು ಕವೆಗೋಲಿನಿಂದ ಪಾತ್ರೆ ಒತ್ತಿ ಹಿಡಿದಳು. ನಾನು ತೊಳಸತೊಡಗಿದೆ. ಇದನ್ನು ನಾನು ಏಳು ವರ್ಷಕ್ಕೇ ಕಲಿತಿದ್ದೆ, ಅಮ್ಮ ಕೂಲಿಗೆ ಹೋಗುತ್ತಿದ್ದಳಲ್ಲ.

ರತ್ನ ಕಿವಿ ಹತ್ತಿರ ಬಂದು ಪಿಸುಗುಟ್ಟಿದಳು. “ಏಯ್, ಅಷ್ಟು ಚೆನ್ನಾಗಿ ತೊಳಸಬೇಡ ಕಣೇ. ಎರಡು ಗಂಟು ಬಿಡು.”

“ಯಾಕೆ?”

“ಚೆನ್ನಾಗ್ ಮಾಡಿದ್ರೆ ನಿನ್ ತಲೆಗೇ ಕಟ್ತಾರೆ, ಪೆದ್ದಿ.”

ನಾನು ಕೇಳಲಿಲ್ಲ. ಕೋಲನ್ನು ಪಾತ್ರೆಯ ತಳದವರೆಗೂ ಒತ್ತಿ ತಿರುವಿದೆ. ನನ್ನ ಕೈಯಿಂದ ಗಂಟು ಮುದ್ದೆ ಬರುವುದು ನನಗೇ ಅವಮಾನ ಅನ್ನಿಸಿತು. ಆ ಹತ್ತು ವರ್ಷದ ಹುಡುಗಿಯ ಜಂಬ ನೆನೆಸಿಕೊಂಡರೆ ಈಗಲೂ ಕೆನ್ನೆಗೆ ಎರಡು ಬಿಡೋಣ ಅನ್ನಿಸುತ್ತದೆ.

ಆ ದಿನವೇ ಆಶ್ರಮ ನಡೆಸುವ ಕಮಿಟಿಯವರು ನೋಡಲು ಬಂದರು. ನಮ್ಮ ಜೊತೆಯಲ್ಲೇ ಸಾಲಿಗೆ ಕೂತು ಅವರೆಕಾಳು ಸಾರು, ಮುದ್ದೆ ಉಂಡರು. ಅವರಲ್ಲಿ ಬಿಳಿ ಮೀಸೆಯ ಯಜಮಾನರೊಬ್ಬರು ಮುದ್ದೆ ಮುರಿದು, ಒಳಗೆ ನೋಡಿ, ಇನ್ನೊಂದು ಹಾಕಿಸಿಕೊಂಡರು.

“ಯಾರಮ್ಮ ತೊಳಸಿದ್ದು? ನಮ್ಮನೇಲೂ ಹಿಂಗ್ ಬರಲ್ಲ ಕಣ್ರೀ!”

ದೊಡ್ಡಕ್ಕ ನನ್ನ ಹೆಗಲು ಹಿಡಿದು ಮುಂದಕ್ಕೆ ತಳ್ಳಿದರು. ಯಜಮಾನರು ನಕ್ಕರು. “ಇವಳಿರುವಾಗ ಅಡುಗೆಯವಳು ಯಾಕ್ರೀ ನಿಮಗೆ?”

ಎಲ್ಲರೂ ನಕ್ಕರು. ನಾನೂ ನಕ್ಕೆ. ನೆಲದ ಮೇಲೆ ಕಾಲು ನಿಲ್ಲಲಿಲ್ಲ ನನಗೆ.

ಸೋಮವಾರ ದೊಡ್ಡಕ್ಕ ಹಲಗೆ ಒರೆಸಿದರು. ಎಲ್ಲರ ಹೆಸರೂ ಹೋಯಿತು. ಅಡುಗೆಯ ಮುಂದಿದ್ದ ರತ್ನಳ ಹೆಸರೂ ಹೋಯಿತು. ಗಂಗಮ್ಮ ಅನ್ನುವುದನ್ನು ಮಾತ್ರ ಬಟ್ಟೆ ಮುಟ್ಟಲಿಲ್ಲ. ಇನ್ನೊಂದು ವಾರ ಇರಲಿ ಅಂದರು. ಅದರ ಮುಂದಿನ ಸೋಮವಾರ ಏನೂ ಅನ್ನಲಿಲ್ಲ. ನನ್ನ ಹೆಸರಿನ ಸುತ್ತಲೂ ಒರೆಸಿದರು, ಅಷ್ಟೇ. ನನ್ನ ಜೊತೆಗೆ ಕವೆಗೋಲು ಹಿಡಿಯುವವಳು ವಾರವಾರ ಬದಲಾಗುತ್ತಿದ್ದಳು, ನಾನು ಬದಲಾಗಲಿಲ್ಲ.

ಬೆಳಿಗ್ಗೆ ರೈಲು ಕೂಗಿದಾಗ ಉಳಿದವರು ಚೀಲ ನೇತುಹಾಕಿಕೊಂಡು ಹೊರಡುವರು. ನಾನು ಅವರೆಕಾಳು ಹಿದುಕುತ್ತಾ ಕೂರುವೆ. ಮೇಷ್ಟ್ರು ಎರಡು ಸಲ ರತ್ನಳನ್ನು ಕೇಳಿದರಂತೆ, ಗಂಗಮ್ಮ ಎಲ್ಲಿ ಎಂದು. “ಅಡುಗೆ ಮಾಡ್ತಾವ್ಳೆ ಸಾ” ಅಂದಳಂತೆ. “ಓಹೋ” ಅಂದರಂತೆ. ಮೂರನೇ ಸಲ ಕೇಳಲಿಲ್ಲವಂತೆ. ಒಬ್ಬ ಗಂಡು ಹುಡುಗ ತಿಂಗಳಾದರೂ ಬರದೆ ಹೋಗಿದ್ದರೆ ಓಹೋ ಅಂದು ಸುಮ್ಮನಾಗುತ್ತಿದ್ದರೇ? ಅಡುಗೆ ಅಂದರೆ ಸಾಕು, ಹೆಣ್ಣುಮಗಳ ವಿಚಾರದಲ್ಲಿ ಎಲ್ಲರಿಗೂ ಸಮಾಧಾನ.

ಕೊನೆಗೆ ರತ್ನ ಹೇಳಿದ್ದನ್ನೇ ಮಾಡೋಣ ಎಂದುಕೊಂಡೆ. ಒಂದು ದಿನ ಎಸರು ಸರಿಯಾಗಿ ಕುದಿಯುವ ಮುಂಚೆಯೇ ಹಿಟ್ಟು ಸುರಿದು, ಕಾಟಾಚಾರಕ್ಕೆ ಕೋಲಾಡಿಸಿದೆ. ನಿಂಬೆಹಣ್ಣಿನ ಗಾತ್ರದ ಗಂಟುಗಳು. ಒಡೆದರೆ ಒಳಗೆ ಹಸಿಹಿಟ್ಟು. ರತ್ನ ಮುದ್ದೆ ಮುರಿದವಳೇ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಳು. “ಈಗ ಬುದ್ಧಿ ಬಂತಲ್ಲೇ!”

ದೊಡ್ಡವರು ಹೇಗೋ ನುಂಗಿದರು. ಸುಬ್ಬಿ ಅಂತ ಐದು ವರ್ಷದ ಮಗುವೊಂದಿತ್ತು, ಅದರ ಕೈಲಾಗಲಿಲ್ಲ. ಗಂಟುಗಳನ್ನು ಒಂದೊಂದಾಗಿ ಹೆಕ್ಕಿ ತಟ್ಟೆಯ ಅಂಚಿಗೆ ಜೋಡಿಸಿ, ಬರೀ ಸಾರು ಕುಡಿದು ಎದ್ದಿತು. ಸಾಯಂಕಾಲ ಪ್ರಾರ್ಥನೆಗೆ ನಿಂತಿದ್ದ ಹಾಗೆಯೇ ಕುಸಿದು ಕೂತಿತು.

ದೊಡ್ಡಕ್ಕ ನನ್ನನ್ನು ಅಡುಗೆಮನೆಗೆ ಕರೆದರು. ಹೊಡೆಯಲಿಲ್ಲ. “ಬೇಕಂತಲೇ ಮಾಡ್ದೆ, ಅಲ್ವೇನೇ?” ಅಂದರು. “ಮಾಡು. ನಾಳೇನೂ ಮಾಡು. ಆ ಮಗು ನಾಳೇನೂ ಉಪವಾಸ ಇರ್ಲಿ. ನಿಂಗೆ ಸ್ಕೂಲ್ ಮುಖ್ಯ ಅಲ್ವಾ?”

ಹೊಡೆದಿದ್ದರೆ ಮರೆತುಬಿಡುತ್ತಿದ್ದೆ. ಇದನ್ನು ಮರೆಯಲಿಲ್ಲ. ಆ ಮಗುವಿಗೆ ಊಟ ಹಾಕುವ ಜವಾಬ್ದಾರಿ ಯಾರದು? ಆಕೆಯದು, ಕಮಿಟಿಯವರದು, ಎರಡು ಮುದ್ದೆ ಉಂಡು ತಮಾಷೆ ಮಾಡಿ ಹೋದ ಆ ಯಜಮಾನರದು. ಅದನ್ನು ತಂದು ಹತ್ತು ವರ್ಷದವಳ ಎದೆಯ ಮೇಲಿಟ್ಟರು. ಮಾರನೆಯ ದಿನ ಮುದ್ದೆಯಲ್ಲಿ ಒಂದು ಗಂಟೂ ಇರಲಿಲ್ಲ.

ಸಂಕ್ರಾಂತಿಯ ಮಾರನೆಯ ದಿನ ಅಮ್ಮ ಬಂದಳು. ಎಳ್ಳು ಬೆಲ್ಲ ತಂದಿದ್ದಳು. ಬಿಸಿನೀರಿನಲ್ಲಿ ಗೂಡು ಆಡಿಸಿ ಆಡಿಸಿ ಅವಳ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು, ಸೀರೆಯಲ್ಲಿ ಬೆಂದ ಹುಳದ ವಾಸನೆ. ಬಂದಾಗಲೆಲ್ಲ ಅವಳದು ಒಂದೇ ಪಟ್ಟು, ಪುಸ್ತಕ ತಂದು ಓದು, ಕೇಳ್ತೀನಿ ಅಂತ. ಪುಸ್ತಕ ತಲೆಕೆಳಗಾಗಿ ಹಿಡಿದರೂ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೂ ಜಗಲಿಯ ಮೇಲೆ ಕಾಲು ಚಾಚಿ ಕೂತು ಕಣ್ಣು ಮುಚ್ಚಿ ಕೇಳುತ್ತಿದ್ದಳು.

ನಾನು ಓದಿದೆ. ರೈತನೊಬ್ಬ ಬಾವಿ ತೋಡುವ ಪಾಠ. ನಾನು ಸ್ಕೂಲು ಬಿಡುವ ಹಿಂದಿನ ದಿನ ಮೇಷ್ಟ್ರು ಹೇಳಿಕೊಟ್ಟದ್ದು ಅದೇ. ಅರ್ಧ ಪುಟ ಆಗಿತ್ತು, ಅಮ್ಮ ಕಣ್ಣು ಬಿಟ್ಟಳು.

“ಇವನು ಹೋದ್ ಸಲಾನೂ ಬಾವಿ ತೋಡ್ತಿದ್ನಲ್ಲೇ?”

ನಾನು ಮುಂದಿನ ಪುಟ ತಿರುವಿ, ಮತ್ತೆ ಹಿಂದಕ್ಕೆ ಬಂದೆ.

“ಇನ್ನೂ ನೀರು ಬರ್ಲಿಲ್ವಾ ಅವನ್ಗೆ? ಮುಂದಿಂದು ಓದು.”

“ಮುಂದಿಂದು ಹೇಳ್ಕೊಟ್ಟಿಲ್ಲ ಅಮ್ಮ. ನಾನು ಸ್ಕೂಲಿಗೆ ಹೋಗ್ತಿಲ್ಲ.”

ಎಲ್ಲ ಹೇಳಿದೆ. ಅವಳು ಕೈ ಹಿಡಿದು ಎಳೆದುಕೊಂಡು ಸೀದಾ ದೊಡ್ಡಕ್ಕನ ಮುಂದೆ ಹೋಗಿ ನಿಂತಳು. ದೊಡ್ಡಕ್ಕ ನಗುನಗುತ್ತಲೇ ಹೇಳಿದರು, “ನಿನ್ ಮಗಳ ಕೈ ಎಷ್ಟು ಚೆನ್ನಾಗಿದೆ ಗೊತ್ತೇನಮ್ಮ? ನಾಳೆ ಕೊಟ್ಟ ಮನೇಲಿ ನಮ್ಮನ್ನ ನೆನಸ್ಕೊಳ್ತಾಳೆ.”

“ಹಿಟ್ಟು ತೊಳಸೋದು ಅವಳು ನನ್ ಮನೇಲೇ ಕಲ್ತಿದ್ಲು, ಅಮ್ಮಾವ್ರೇ,” ಅಂದಳು ಅಮ್ಮ. “ಅದನ್ ಮಾಡ್ಸೋಕೆ ಇಷ್ಟು ದೂರ ಯಾಕ್ ತಂದ್ ಬಿಡ್ತಿದ್ದೆ?”

“ಅಷ್ಟು ಕಷ್ಟ ಆದ್ರೆ ಕರ್ಕೊಂಡ್ ಹೋಗಮ್ಮ. ನಾವೇನು ಕಟ್ಟಾಕಿದೀವಾ?”

ಕರೆದುಕೊಂಡು ಹೋಗಲು ಅಮ್ಮನಿಗೊಂದು ಮನೆ ಇರಲಿಲ್ಲ ಅನ್ನುವುದು ದೊಡ್ಡಕ್ಕನಿಗೆ ಚೆನ್ನಾಗಿ ಗೊತ್ತಿತ್ತು. ಅಮ್ಮ ನನ್ನ ಕಡೆ ತಿರುಗಿ “ಬಟ್ಟೆ ತಗೋ” ಅಂದಳು.

ದಾರಿಯಲ್ಲೇ ಸ್ಕೂಲಿಗೆ ಹೋದೆವು. ಹೆಡ್‌ಮೇಷ್ಟ್ರು ಹಾಜರಿ ಪುಸ್ತಕ ನೋಡಿ, ಬಹಳ ದಿನ ಬಂದಿಲ್ಲ, ರಜೆ ಚೀಟಿಯೂ ಇಲ್ಲ, ಹೆಸರು ಹೊಡೆದುಹಾಕಿದೆ ಅಂದರು. ಜೂನ್‌ನಲ್ಲಿ ಶಿಡ್ಲಘಟ್ಟದಲ್ಲೇ ಸೇರಿಸಿ ಅಂದರು. ಜೂನ್‌ನಲ್ಲಿ ಶಿಡ್ಲಘಟ್ಟದವರು ಟಿ.ಸಿ. ತನ್ನಿ ಅಂದರು. ಅಮ್ಮ ಕೆಲಸ ಬಿಟ್ಟು ಎರಡು ಸಲ ಗೌರಿಬಿದನೂರಿಗೆ ಹೋಗಿಬಂದಳು. ಸೇರಿಸಿದ್ದು ಆಶ್ರಮದವರು, ಅವರ ಕಾಗದ ತನ್ನಿ ಅಂತ ಸ್ಕೂಲಿನವರು. ಅದೆಲ್ಲ ಸ್ಕೂಲಿನವರದು ಅಂತ ಆಶ್ರಮದವರು. ಎರಡನೇ ಸಲ ಬಂದವಳು ಶೆಡ್ಡಿನಲ್ಲಿ ತನ್ನ ಪಕ್ಕದ ಬಿಸಿನೀರಿನ ಬಾಣಲೆಯ ಮುಂದೆ ನನ್ನನ್ನು ಕೂರಿಸಿದಳು. ಅವಳ ಮೇಲೆ ನನಗೆ ಸಿಟ್ಟಿಲ್ಲ. ಸಿಟ್ಟು ಯಾರ ಮೇಲಿರಬೇಕೋ ಅವರ ಮೇಲೆ ಇದೆ, ಅವರು ಸತ್ತು ಎಷ್ಟೋ ವರ್ಷವಾದರೂ ಇದೆ.

ರತ್ನ ಎಸ್ಸೆಸ್ಸೆಲ್ಸಿ ಮಾಡಿ ನರ್ಸ್ ಆದಳು. ಈಗ ರಿಟೈರ್ ಆಗಿ ಚಿಂತಾಮಣಿಯಲ್ಲಿದ್ದಾಳೆ. ಫೋನಿನಲ್ಲಿ ಮಾತಾಡುತ್ತೇವೆ. “ನನಗಿಂತ ನೀನೇ ಜಾಣೆ ಕಣೇ ಗಂಗಿ” ಅನ್ನುತ್ತಾಳೆ ಒಂದೊಂದು ಸಲ.

“ಜಾಣೆ ಆಗಿದ್ರೆ ಅವತ್ತೇ ಗಂಟು ಬಿಡ್ತಿದ್ದೆ. ಸುಮ್ನಿರೇ.”

ನನ್ನ ಓರಗೆಯವರು ಕಳೆದುಹೋದದ್ದರ ಪಟ್ಟಿ ಹೇಳುತ್ತಾರೆ. ಸೌದೆ ಒಲೆಯ ಮುದ್ದೆ, ಅವರೆಯ ಸೊಗಡು, ಸಾಲಾಗಿ ಕೂತು ಉಣ್ಣುವುದು. ಅವು ಎಲ್ಲಿ ಕಳೆದಿವೆ? ಈ ವರ್ಷವೂ ಸಂತೆಯಿಂದ ಅವರೆಕಾಯಿ ತಂದು ಸಾರು ಮಾಡಿದ್ದೇನೆ, ಅದೇ ವಾಸನೆ. ಗ್ಯಾಸಿನ ಮೇಲೂ ಮುದ್ದೆ ಮುದ್ದೆಯೇ. ನನ್ನ ಪಾಲಿಗೆ ಹೋದದ್ದು ಐದನೇ ಕ್ಲಾಸಿನ ಅರ್ಧ, ಆರು, ಏಳು, ಅದರಾಚೆಗೆ ಎಷ್ಟಿತ್ತೋ ಅಷ್ಟು. ಎಷ್ಟಿತ್ತು ಅನ್ನುವುದೂ ನನಗೆ ಗೊತ್ತಿಲ್ಲ. ಗೊತ್ತಾಗುವಷ್ಟು ದೂರ ನನ್ನನ್ನು ಹೋಗಗೊಡಲಿಲ್ಲ.