ಬಾಕ್ಸ್ ಸೆಟ್ಟಿಗೆ ವಿಭೂತಿ

ಡಬ್ಬಿಗೆ ಕಲೆಯಾಗಬಾರದೆಂದು ನಾನೂ ಗೆಳೆಯ ಪಾಟೀಲನೂ ಕೈ ತೊಳೆದುಕೊಂಡು ಬರುವಷ್ಟರಲ್ಲಿ, ಅವ್ವ ಅದರ ಕಪ್ಪು ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಎಳೆದುಬಿಟ್ಟಿದ್ದಳು.

ನಮ್ಮ ನೆಚ್ಚಿನ ರಾಕ್ ಬ್ಯಾಂಡಿನ ಹಳೆಯ ಧ್ವನಿಮುದ್ರಣಗಳ ಬಾಕ್ಸ್ ಸೆಟ್ ಅದು. ಆಗಷ್ಟೇ ನಾಸಿಕದ ನಮ್ಮ ಮನೆಗೆ ಬಂದಿತ್ತು. ಅದನ್ನು ನೋಡಲೆಂದೇ ಔರಂಗಾಬಾದಿನಿಂದ ಬಂದಿದ್ದ ಪಾಟೀಲ ತಲೆಯ ಮೇಲೆ ಕೈ ಹೊತ್ತು ಕುಳಿತ.

“ಹಾಡಿದಾವ ಸತ್ತು ವರ್ಷ ಆದ್ವು ಅಂತೀರಿ. ಅವನ ದನಿ ಮನಿಗಿ ಬಂದದ. ಹಂಗೇ ಒಳಗ ಕರ್ಕೋಬೇಕೇನು?” ಎಂದಳು ಬೀದರಿನ ನನ್ನವ್ವ.

ನಾವು ಹಾಡು ಹಚ್ಚಿದೆವು.

ಆ ಮೂರು ಗೆರೆಗಳನ್ನು ನಾನು ಇಂದಿಗೂ ಒರೆಸಿಲ್ಲ. ತಿಂಗಳ ಬಳಿಕ ತಾನೂ ತರಿಸಿಕೊಂಡಿದ್ದ ಸೆಟ್ ಬಂದಾಗ ಪಾಟೀಲ ಅದನ್ನು ಬಿಚ್ಚದೆಯೇ ಬಸ್ಸಿನಲ್ಲಿ ನಾಸಿಕಕ್ಕೆ ತಂದು ಅವ್ವನ ಮುಂದಿಟ್ಟ.